ಲೇತ್‌ಗೆ ಮೊದಲ್ನೇ ಚಕ್ ತಗೋಬೇಕು, ನೋಡ್ತಾ ನೋಡ್ತಾ ನನ್ನ ತಲೆನೇ ತಿರುಗ್ತಿದೆ

ಹೊಸಗೈ

ಎಲ್ರಿಗೂ ನಮಸ್ಕಾರ. ಮರ ತಿರುಗಿಸಿ ಕಡೆಯೋ ಲೇತ್ ತಗೊಂಡು ಮೂರು ತಿಂಗ್ಳಾಯ್ತು. ಚಿಕ್ಕದೇ, 10 ಇಂಚು ಸ್ವಿಂಗ್ (ಅಷ್ಟು ಅಗಲದ ಮರದವರೆಗೆ ತಿರುಗಿಸ್ಬಹುದು), ಅರ್ಧ ಎಚ್‌ಪಿ ಮೋಟರ್. ಇಷ್ಟು ದಿನ ಎರಡೂ ಕಡೆ ಸೆಂಟರ್ ಅನ್ನೋ ಮೊನೆ ಕೊಟ್ಟು ಮಧ್ಯೆ ಮರ ಸಿಗಿಸಿ ಉಳಿಗೆ ಹಿಡಿ, ಬುಗುರಿ, ಲಟ್ಟಣಿಗೆ ಅಂತ ಮಾಡ್ಕೊಂಡಿದ್ದೆ, ಕೈ ಸ್ವಲ್ಪ ಕೂತಿದೆ ಅನ್ಸುತ್ತೆ. ಈಗ ಬಟ್ಟಲು ಮಾಡೋ ಹುಚ್ಚು ಹಿಡಿದಿದೆ. ಬಟ್ಟಲು ಅಂದ್ರೆ ಒಳಗೆ ಕೊರೀಬೇಕು, ಒಳಗೆ ಕೊರೀಬೇಕು ಅಂದ್ರೆ ಆ ತುದೀಲಿ ಮರ ಒತ್ತಿ ಹಿಡಿಯೋ ಟೈಲ್‌ಸ್ಟಾಕ್ ಪಕ್ಕಕ್ಕೆ ಸರೀಬೇಕು, ಅದು ಸರಿದ್ರೆ ಮರ ಹಿಡ್ಕೊಳ್ಳೋರು ಯಾರು ಅಂತ ಕೇಳಿದ್ರೆ ಎಲ್ರದ್ದೂ ಒಂದೇ ಉತ್ತರ, ಮರನ ಒಂದೇ ಕಡೆಯಿಂದ ಕಚ್ಚಿ ಹಿಡಿಯೋ ಚಕ್ ತಗೋ ಅಂತ.

ಸರಿ ಅಂತ ಹುಡುಕೋಕೆ ಕೂತ್ರೆ ನಾಲ್ಕು ಜಾ (ಕಚ್ಚಿ ಹಿಡಿಯೋ ದವಡೆ) ಅಂತೆ, ಮೂರು ಜಾ ಅಂತೆ, ಕೀಲಿ ಹಾಕಿ ತಿರುಗಿಸೋದಂತೆ, ಎರಡು ಸರಳು ಹಾಕಿ ತಿರುಗಿಸೋದಂತೆ, ಇನ್ಸರ್ಟ್ ಇರೋದು, ಡೈರೆಕ್ಟ್ ಥ್ರೆಡ್ ಇರೋದು, 80 ಮಿಮೀ, 100 ಮಿಮೀ... ಎರಡು ರಾತ್ರಿ ಇದರಲ್ಲೇ ಹೋಯ್ತು.

ನನ್ನ ಗೊಂದಲ ಹೇಳ್ಬಿಡ್ತೀನಿ. ಮುಂದೆ ಯಾವತ್ತೋ ದೊಡ್ಡ ಲೇತ್ ತಗೋತೀನಿ ಅಂದ್ಕೊಂಡಿದೀನಿ, ಆಗ ಮತ್ತೆ ಚಕ್ ತಗೊಳ್ಳೋ ಬದ್ಲು ಈಗ್ಲೇ 100 ಮಿಮೀದು ತಗೊಂಡ್ಬಿಟ್ರೆ ಏನಾದ್ರೂ ತೊಂದ್ರೆನಾ? ಇನ್ನೊಂದು, ಪರಿಚಯದವರೊಬ್ರು ಕಬ್ಬಿಣದ ಕೆಲಸದ ಲೇತ್ ಇಟ್ಕೊಂಡಿದಾರೆ, ಅವ್ರ ಹತ್ರ ಹಳೇ ಮೂರು ಜಾ ಚಕ್ ಸುಮ್ನೆ ಬಿದ್ದಿದೆ, ಬೇಕಿದ್ರೆ ತಗೊಂಡೋಗು ಅಂದ್ರು, ಬಿಟ್ಟಿ ಅಲ್ವಾ ಅಂತ ಮನಸ್ಸು ಅತ್ಲಾಗೇ ಎಳೀತಿದೆ. ಆಮೇಲೆ ಈ ಐದಾರು ಜೊತೆ ಜಾ ಸೇರಿಸಿ ಒಂದೇ ಪೆಟ್ಟಿಗೇಲಿ ಕೊಡ್ತಾರಲ್ಲ, ಅದು ನಿಜಕ್ಕೂ ಲಾಭನೋ ಬರೀ ಆಸೆ ಹುಟ್ಸೋಕೋ? ದಯವಿಟ್ಟು ಯಾರಾದ್ರೂ ದಾರಿ ತೋರ್ಸಿ.

ಗಂಟುಮರ

ಮೊದ್ಲು ಆ ಮೂರು ಜಾ ವಿಷ್ಯ ಮುಗಿಸ್ತೀನಿ. ಬೇಡ. ಕಬ್ಬಿಣ ಹಿಡಿಯೋಕೆ ಅಂತ ಮಾಡಿರೋ ಜಾ ಕಿರಿದಾಗಿರುತ್ತೆ, ಕಬ್ಬಿಣ ಜಗ್ಗಲ್ಲ, ಅಷ್ಟು ಹಿಡಿತ ಅದಕ್ಕೆ ಸಾಕು. ಮರದ ಮೇಲೆ ಅದೇ ಒತ್ತಡ ಬಿದ್ರೆ ಮೂರು ಕಡೆ ತಗ್ಗು ಬೀಳುತ್ತೆ, ತಗ್ಗು ಬಿದ್ಮೇಲೆ ಸಡಿಲ ಆಯ್ತು ಅಂತಲೇ ಲೆಕ್ಕ. ಅದೂ ಅಲ್ದೆ ಅಗಲವಾಗಿ ತೆರೆದಾಗ ಜಾ ಚಕ್ ಮೈಯಿಂದ ಆಚೆ ಚಾಚ್ಕೊಂಡೇ ತಿರುಗ್ತಿರುತ್ತೆ. ಮರದ ಕೆಲಸದಲ್ಲಿ ನಮ್ ಕೈ ಚಕ್ ಪಕ್ಕದಲ್ಲೇ ಇರುತ್ತೆ, ಬೆರಳ ಗೆಣ್ಣು ಒಂದ್ಸಲ ತಾಗಿದ್ರೆ ಬಿಟ್ಟಿ ಸಿಕ್ಕಿದ್ದು ಮರ್ತೋಗುತ್ತೆ.

ನಿಮಗೆ ಬೇಕಾಗಿರೋದು ನಾಲ್ಕು ಜಾ ಸ್ಕ್ರಾಲ್ ಚಕ್. ಕೀಲಿ ತಿರುಗಿಸಿದ್ರೆ ಒಳಗಿನ ಸ್ಕ್ರಾಲ್ ಅನ್ನೋ ಸುರುಳಿ ತಿರುಗಿ ನಾಲ್ಕೂ ಒಟ್ಟಿಗೆ ಒಳಗೆ ಬರ್ತವೆ, ಒಟ್ಟಿಗೆ ಆಚೆ ಹೋಗ್ತವೆ, ಮರ ತಾನಾಗೇ ನಡುವಿಗೆ ಕೂರುತ್ತೆ. ನಾಲ್ಕು ಜಾ ಇಂಡಿಪೆಂಡೆಂಟ್ ಅಂತ ಇನ್ನೊಂದು ಬರುತ್ತೆ, ಅದ್ರಲ್ಲಿ ಒಂದೊಂದು ಜಾನೂ ಬೇರೆ ಬೇರೆ ಸರಿಸ್ಬೇಕು, ಅದು ಬೇರೆ ಕೆಲಸಕ್ಕೆ, ನಾಲ್ಕು ಅನ್ನೋ ಮಾತು ನೋಡಿ ಮೋಸ ಹೋಗ್ಬೇಡಿ.

ಕೀಲಿದೇ ತಗೊಳ್ಳಿ. ಸರಳಿನದ್ರಲ್ಲಿ ಎರಡು ಕೈಲೂ ಒಂದೊಂದು ಸರಳು ಹಿಡ್ಕೊಂಡಿರ್ತೀರಿ, ಮರ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ತೀರಿ.

ಸೈಜು. ಅರ್ಧ ಎಚ್‌ಪಿ ಲೇತ್‌ಗೆ 100 ಮಿಮೀ ಚಕ್ ಅಂದ್ರೆ ಮೂಗಿಗಿಂತ ಮೂಗುತಿ ಭಾರ. ಎರಡು ಕೆಜಿ ಮೇಲೇ ಇರುತ್ತೆ ಅದು, ಜಾ ಸೇರಿದ್ರೆ ಇನ್ನೂ ಜಾಸ್ತಿ, ಮರ ಇನ್ನೂ ಹಾಕೇ ಇಲ್ಲ. ಭಾರಕ್ಕಿಂತ ದೊಡ್ಡ ತಲೆನೋವು ಉದ್ದದ್ದು. ಚಕ್ ಎಷ್ಟು ಉದ್ದ ಇರುತ್ತೋ ಅಷ್ಟೂ ಮರ ಬೇರಿಂಗ್‌ನಿಂದ ದೂರ ಹೋಗುತ್ತೆ, ದೂರ ಹೋದಷ್ಟೂ ನಡುಕ. 10 ಇಂಚಿನ ಲೇತ್‌ಗೆ 75-80 ಮಿಮೀ ಮೈ ಇರೋದು ಧಾರಾಳ ಸಾಕು.

ಆದ್ರೆ ಇದಕ್ಕೆಲ್ಲ ಮೊದ್ಲು ಸ್ಪಿಂಡಲ್ (ಚಕ್ ಕೂರೋ, ಲೇತ್‌ನಲ್ಲಿ ತಿರುಗೋ ದಂಡ) ಥ್ರೆಡ್ ಏನು ಅಂತ ಹೇಳಿ. ಅದೊಂದು ಗೊತ್ತಿಲ್ದೆ ಮಿಕ್ಕಿದ್ದೆಲ್ಲ ಮಾತಾಡಿ ಪ್ರಯೋಜನ ಇಲ್ಲ.

ಫೇಸ್‌ಪ್ಲೇಟ್ ಪ್ರೇಮಿ

ನೋಡ್ರಿ, ನಾ ಸ್ವಲ್ಪ ಬ್ಯಾರೆ ಮಾತು ಹೇಳ್ತೀನಿ. ಚಕ್ ಬ್ಯಾಡ ಅನ್ನಂಗಿಲ್ಲ, ಈಗ ಬ್ಯಾಡ ಅಂತೀನಿ ಅಷ್ಟ. ಲೇತ್ ಜೋಡಿ ಒಂದು ಫೇಸ್‌ಪ್ಲೇಟ್, ಸ್ಕ್ರೂ ತೂತಿರೋ ತಟ್ಟಿ, ಬಂದಿರ್ಬೇಕಲ್ಲ, ಅದನ್ನ ಎಲ್ಲೋ ಮೂಲ್ಯಾಗ ಒಗದಿರ್ತೀರಿ, ಹೌದಲ್ಲೋ? ತಗೀರಿ ಅದನ್ನ.

ಬಟ್ಟಲದ ಬಾಯಿ ಯಾವ ಕಡೆ ಬರ್ತದೋ ಆ ಕಡೆಗೆ ಫೇಸ್‌ಪ್ಲೇಟ್ ಇಟ್ಟು ಸ್ಕ್ರೂ ಹೊಡೀರಿ. ಆ ತೂತೆಲ್ಲ ಆಮ್ಯಾಲೆ ಕೊರದು ಹೋಗೋ ಜಾಗದಾಗ ಇರ್ತಾವ, ಗುರುತೂ ಉಳಿಯಂಗಿಲ್ಲ. ಹೊರಗಿಂದು ಪೂರ್ತಿ ತಿರುವಿ ತಳ ಚಪ್ಪಟೆ ಮಾಡ್ರಿ. ಇನ್ನ ತಳಕ್ಕ ಒಂದು ಬ್ಯಾಡಾದ ಮರದ ತುಂಡು ಅಂಟು ಹಚ್ಚಿ ಕೂಡ್ಸಿ ರಾತ್ರಿಯೆಲ್ಲ ಕ್ಲ್ಯಾಂಪ್ ಹಾಕಿ ಇಡ್ರಿ, ಮರುದಿನ ಫೇಸ್‌ಪ್ಲೇಟ್ ತಗದು ಆ ತುಂಡಿಗೆ ಹೊಡೀರಿ, ಒಳಗ ಕೊರೀರಿ, ಕೊನಿಗೆ ತುಂಡು ಕತ್ತರಿಸಿ ಬಿಡ್ರಿ. ಅಂಟೋ ಎರಡೂ ಮುಖ ಸಪಾಟ ಇರ್ಬೇಕು ಮತ್ತ, ನಡುವ ಬೆಳಕು ಕಂಡ್ರ ಆ ಅಂಟು ನಂಬಬ್ಯಾಡ್ರಿ. ನಾ ಒಂದು ವರ್ಷ ಹಿಂಗ ಮಾಡೀನಿ, ಚಕ್ ಹೆಂಗಿರ್ತದ ಅಂತ ನೋಡೇ ಇರ್ಲಿಲ್ಲ.

ಒಂದ ಮಾತು, ಜಿಪ್ಸಮ್ ಬೋರ್ಡಿಗೆ ಹೊಡಿಯೋ ಕರೀ ಸ್ಕ್ರೂ ಮಾತ್ರ ಹಾಕಬ್ಯಾಡ್ರಿ. ಅವು ಬಾಗಂಗಿಲ್ಲ, ಟಪ್ ಅಂತ ಮುರೀತಾವ. ದಪ್ಪನ್ನ ಮರದ ಸ್ಕ್ರೂ ಹಾಕ್ರಿ.

ಗಂಟುಮರ

ಫೇಸ್‌ಪ್ಲೇಟ್ ಹಿಡಿತಕ್ಕೆ ಎದುರಿಲ್ಲ, ಒಪ್ತೀನಿ, ದೊಡ್ಡ ಹಸಿ ಮರ ಇದ್ರೆ ನಾನೂ ಇವತ್ತಿಗೂ ಅದನ್ನೇ ಹಾಕೋದು. ಆದ್ರೆ ಹೊಸಬ್ರು ಒಂದು ಬಟ್ಟಲಿಗೆ ಒಂದು ರಾತ್ರಿ ಅಂಟು ಒಣಗೋಕೆ ಕಾಯ್ತಾ ಕೂತ್ರೆ ಕಲಿಯೋದು ಯಾವಾಗ ಸ್ವಾಮಿ.

ಫೇಸ್‌ಪ್ಲೇಟ್ ಪ್ರೇಮಿ

ಕಾಯೂದೂ ಕಲಿಕೀನ ಅಲ್ಲೇನ್ರಿ 😄

ಹೊಸಗೈ

ಫೇಸ್‌ಪ್ಲೇಟ್ ನಿಜವಾಗ್ಲೂ ಮೂಲೇಲೇ ಇತ್ತು ಸರ್, ಹೊಟ್ಟಿನ ಕೆಳಗೆ 😅 ಈ ವಾರ ಒಂದು ಅದರಲ್ಲೇ ಮಾಡಿ ನೋಡ್ತೀನಿ, ಚಕ್ ಹುಡುಕಾಟನೂ ನಡೀತಿರ್ಲಿ.

ಥ್ರೆಡ್ ಅಳತೆ ನೋಡ್ದೆ. ಲೇತ್ ಜೊತೆ ಬಂದ ಪುಸ್ತಕ ಎಲ್ಲೋ ಕಳ್ದೋಗಿದೆ, ಅದಕ್ಕೆ ವರ್ನಿಯರ್ ಹಿಡಿದು ನೋಡಿದ್ರೆ ಹೊರ ವ್ಯಾಸ 25.2 ಮಿಮೀ ಬರ್ತಿದೆ. ಹಾಗಾದ್ರೆ ಇದು 25 ಮಿಮೀ ಥ್ರೆಡ್ ಅಂತನಾ? 25ರದ್ದು ಎಲ್ಲೂ ಕಾಣಿಸ್ತಿಲ್ಲ.

ಒಂದ್ ಮಿಲಿಮೀಟರ್

25 ಅಲ್ಲ ಬ್ರೋ, ಅದು 1 ಇಂಚು. ಥ್ರೆಡ್‌ನ ತುದಿ ಸ್ವಲ್ಪ ಸವರಿರ್ತಾರೆ, ಹಾಗಾಗಿ ಹೊರ ವ್ಯಾಸ ಯಾವಾಗ್ಲೂ ಹೆಸರಿಗಿಂತ ಒಂಚೂರು ಕಮ್ಮಿನೇ ಬರುತ್ತೆ, 25.4 ಇರ್ಬೇಕಾದ್ದು 25.2 ಬಂದಿದೆ. ಆದ್ರೆ ವ್ಯಾಸ ಒಂದೇ ನೋಡಿ ಆರ್ಡರ್ ಮಾಡ್ಬೇಡಿ, ಪಿಚ್, ಅಂದ್ರೆ ಥ್ರೆಡ್ ಸುತ್ತುಗಳ ಅಂತರ, ಕೂಡ ನೋಡಿ. ಇಂಚಿನ ಸ್ಕೇಲ್ ಥ್ರೆಡ್ ಮೇಲಿಟ್ಟು ಒಂದು ಇಂಚಲ್ಲಿ ಎಷ್ಟು ಸುತ್ತು ಬರುತ್ತೆ ಎಣಿಸಿ, 8 ಬಂದ್ರೆ 1 ಇಂಚು 8 ಟಿಪಿಐ, ಚಿಕ್ಕ ಲೇತ್‌ಗಳಲ್ಲಿ ತುಂಬಾ ಕಾಣೋದು ಅದೇ. ಇನ್ನೂ ಪುಟ್ಟ ಲೇತ್‌ಗಳಲ್ಲಿ ಮುಕ್ಕಾಲು ಇಂಚು 16 ಟಿಪಿಐ ಇರುತ್ತೆ, ದೊಡ್ಡದ್ರಲ್ಲಿ 1¼ ಇಂಚು 8 ಟಿಪಿಐ ಅಥ್ವಾ ಎಂ33, ಅಂದ್ರೆ 33 ಮಿಮೀ ವ್ಯಾಸ, 3.5 ಮಿಮೀ ಪಿಚ್. ಈ ಕೊನೇ ಎರಡಿದೆಯಲ್ಲ, 31.75ಕ್ಕೂ 33ಕ್ಕೂ ಕಣ್ಣಿಗೆ ವ್ಯತ್ಯಾಸನೇ ಗೊತ್ತಾಗಲ್ಲ, ಎಂ33 ಚಕ್‌ನ 1¼ ಸ್ಪಿಂಡಲ್‌ಗೆ ಹಾಕಿದ್ರೆ ಒಂದೆರಡು ಸುತ್ತು ಗಡಗಡ ಅಂತ ಒಳಗೂ ಹೋಗುತ್ತೆ, ಆಮೇಲೆ ಪಿಚ್ ಹೊಂದದೆ ಕಚ್ಕೊಳ್ಳುತ್ತೆ. ನನ್ನ ದೊಡ್ಡ ಲೇತ್‌ನಲ್ಲಿ ಈ ಪೂಜೆ ಆಗಿದೆ, ಅದಕ್ಕೇ ಈ ಹೆಸರು ಇಟ್ಕೊಂಡಿರೋದು.

ಇದಕ್ಕೇ ನಾನು ಇನ್ಸರ್ಟ್ ಇರೋ ಚಕ್ ತಗೋ ಅನ್ನೋದು. ಚಕ್ ಹಿಂಭಾಗದಲ್ಲಿ ಬೇರೆ ಬಳೆ ಥರ ಒಂದು ಅಡಾಪ್ಟರ್ ಕೂರುತ್ತೆ, ಥ್ರೆಡ್ ಇರೋದು ಅದ್ರಲ್ಲಿ. ನಾಳೆ ಲೇತ್ ಬದಲಾಯಿಸಿದ್ರೆ ಇನ್ಸರ್ಟ್ ಮಾತ್ರ ಬದಲಾಯಿಸಿದ್ರಾಯ್ತು, ನಿಮ್ಮ ದೊಡ್ಡ ಲೇತ್ ಚಿಂತೆನೂ ಅಲ್ಲಿಗೆ ಮುಗೀತು. ಡೈರೆಕ್ಟ್ ಥ್ರೆಡ್‌ನವರು ಇದನ್ನ ಒಪ್ಪಲ್ಲ, ಮಧ್ಯೆ ಒಂದು ಜೋಡಣೆ ಜಾಸ್ತಿ ಆದ್ರೆ ಓಲಾಟ ಜಾಸ್ತಿ ಅಂತಾರೆ, ತಪ್ಪೇನಿಲ್ಲ, ಆದ್ರೆ ಇನ್ಸರ್ಟ್ ಕೂರೋ ಮುಖ ಒರೆಸಿ, ಒಂದು ಕಣ ಹೊಟ್ಟೂ ಇಲ್ದೆ ಬಿಗಿ ಮಾಡಿದ್ರೆ ಬಟ್ಟಲಿನ ಕೆಲಸಕ್ಕೆ ಆ ಓಲಾಟ ಲೆಕ್ಕಕ್ಕೇ ಬರಲ್ಲ.

ಬ್ರ್ಯಾಂಡ್ ಅಂತೀರಾ, ನ್ಯೂಜಿಲೆಂಡಿನ ಟೆಕ್ನಾಟೂಲ್‌ನವರ ನೋವಾ, ಕೆನಡಾದ ಒನ್‌ವೇ, ಆಸ್ಟ್ರೇಲಿಯಾದ ವಿಕ್‌ಮಾರ್ಕ್, ಇಂಗ್ಲೆಂಡಿನ ಆಕ್ಸ್‌ಮಿನ್‌ಸ್ಟರ್, ರೆಕಾರ್ಡ್ ಪವರ್, ಇವೆಲ್ಲ ಹೆಸರು ಮಾಡಿರೋವೇ. ಇದ್ರಲ್ಲಿ ಯಾವ್ದು ತಗೊಂಡ್ರೂ ಅಳೋ ಹಾಗಿಲ್ಲ. ನೆನಪಿಟ್ಕೋಬೇಕಾದ್ದು ಏನಂದ್ರೆ ಇವತ್ತು ಚಕ್ ತಗೋತಿದೀವಿ ಅಂದ್ಕೊಂಡ್ರೂ ಅಸಲಿಗೆ ನೀವು ತಗೋತಿರೋದು ಆ ಜಾಗಳ ಸಂಬಂಧ. ಒಬ್ಬರ ಜಾ ಸಾಮಾನ್ಯವಾಗಿ ಇನ್ನೊಬ್ಬರ ಚಕ್‌ಗೆ ಕೂರಲ್ಲ, ರೆಕಾರ್ಡ್ ಪವರ್ ಚಕ್‌ಗೆ ನೋವಾ ಜಾ ಕೂರೋ ಥರದ ಒಂದೆರಡು ಬಿಟ್ರೆ. ಹಾಗಾಗಿ ಮುಂದೆ ಏನೇನು ಜಾ ಸಿಗುತ್ತೆ ಅಂತ ನೋಡಿ ತಗೊಳ್ಳಿ.

ಚಕ್ಕೆರಾಶಿ

ಎಲ್ಲಾ ಚಕ್ ಬಗ್ಗೆನೇ ಮಾತಾಡ್ತಿದಾರೆ, ಆ ಚಕ್ ಹಿಡ್ಕೊಳ್ಳೋ ಟೆನನ್ (ಮರದ ತಳದಲ್ಲಿ ಬಿಡೋ ಗುಂಡು ಮೊಟಕು) ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ತಮ್ಮಾ, ಬಟ್ಟಲು ಹಾರಿಹೋದಾಗ ನೂರಕ್ಕೆ ತೊಂಬತ್ತು ಜನ ಚಕ್ ಸರಿಯಿಲ್ಲ ಅಂತಾರೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಾನೂ ಹಾಗೇ ಅಂದವಳೇ ಬಿಡು.

ಕಥೆ ಹೇಳ್ತೀನಿ ಕೇಳು. 8 ಇಂಚಿನ ಬಟ್ಟಲು, ಹೊರಗಡೆ ಚೆನ್ನಾಗಿ ಬಂದಿತ್ತು, ತಳದಲ್ಲಿ ಟೆನನ್ ಬಿಟ್ಟಿದ್ದೆ, ಉದ್ದ ಇದ್ದಷ್ಟೂ ಗಟ್ಟಿ ಹಿಡ್ಕೊಳ್ಳುತ್ತೆ ಅಂತ ಧಾರಾಳವಾಗಿ ಬಿಟ್ಟಿದ್ದೆ. ಚಕ್‌ಗೆ ಹಾಕಿ ಕೀಲಿ ಎರಡು ಸಲ ಬಿಗಿ ಮಾಡಿ ಒಳಗೆ ಕೊರೀತಿದ್ದೆ. ಸ್ವಲ್ಪ ಹೊತ್ತಿಗೆ ಉಳಿ ಸದ್ದು ಬದಲಾಯ್ತು, ಸುರ್ ಅಂತಿದ್ದಿದ್ದು ಟಕ್ ಟಕ್ ಟಕ್ ಅಂತ, ಒಂದೊಂದು ಸುತ್ತಿಗೂ ಒಂದು. ನಿಲ್ಲಿಸ್ಬೇಕಿತ್ತು. ಇನ್ನೊಂದೇ ಒಂದು ಎಳೆತ ಅಂದ್ಕೊಂಡೆ. ಮುಂದಿನ ಕ್ಷಣ ಬಟ್ಟಲು ಚಕ್‌ನಲ್ಲಿಲ್ಲ, ನನ್ನ ಫೇಸ್ ಶೀಲ್ಡ್‌ಗೆ ಬಡಿದು ಸೂರಿಗೆ ಹೋಗಿ ಹಿಂದಿನ ಗೋಡೇಲಿ ಎರಡು ಹೋಳಾಗಿ ಬಿದ್ದಿತ್ತು. ಶೀಲ್ಡ್ ಮೇಲೆ ಕಣ್ಣಿನ ನೇರಕ್ಕೇ ಒಂದು ಗೀರು ಬಿದ್ದಿದೆ, ಅದನ್ನ ಬದಲಾಯಿಸಿದ್ರೂ ಹಳೇದನ್ನ ಎಸೆದಿಲ್ಲ, ಲೇತ್ ಮೇಲೆ ಮೊಳೆಗೆ ನೇತ್ಹಾಕಿದೀನಿ.

ಆಮೇಲೆ ಹೋಳು ಎತ್ಕೊಂಡು ನೋಡಿದ್ರೆ ಟೆನನ್ ಮುರಿದೇ ಇರ್ಲಿಲ್ಲ! ಅದರ ತುದಿ ನುಣ್ಣಗೆ ಉಜ್ಜಿ ಹೊಳೀತಿತ್ತು. ಅಂದ್ರೆ ಟೆನನ್ ಉದ್ದ ಜಾಸ್ತಿ ಆಗಿ ಚಕ್ ತಳಕ್ಕೆ ಹೋಗಿ ಕೂತಿದೆ, ಬಟ್ಟಲಿನ ತಳ ಜಾ ಮುಖಕ್ಕೆ ತಾಗೇ ಇಲ್ಲ, ಮಧ್ಯೆ ಕೂದಲೆಳೆ ಸಂದು. ಮರ ನಿಲ್ಲೋದು ಜಾ ಕಚ್ಚೋದ್ರಿಂದ ಮಾತ್ರ ಅಲ್ಲ, ಟೆನನ್ ಸುತ್ತ ಇರೋ ಭುಜ ಜಾ ಮುಖದ ಮೇಲೆ ಒರಗಿ ಕೂರ್ಬೇಕು, ಅದೇ ಅಲ್ಲಾಡದ ಹಾಗೆ ತಡೆಯೋದು. ಅದಿಲ್ದಿದ್ರೆ ಉಳಿ ತಾಗಿದಾಗೆಲ್ಲ ಅತ್ತ ಇತ್ತ ಮಿಸುಕಿ ಮಿಸುಕಿ ಆಚೆ ಬರುತ್ತೆ. 50 ಮಿಮೀ ಜಾ ಇದ್ರೆ 6-8 ಮಿಮೀ ಉದ್ದ ಸಾಕು, ಹಾಕಿದ್ಮೇಲೆ ಟೆನನ್ ತುದಿಗೂ ಚಕ್ ತಳಕ್ಕೂ ಒಂದೆರಡು ಮಿಮೀ ಜಾಗ ಇರ್ಲೇಬೇಕು. ಟೆನನ್ ಬುಡದಲ್ಲಿ, ಭುಜ ಸೇರೋ ಮೂಲೆ ಇದೆಯಲ್ಲ, ಅಲ್ಲಿ ಗುಂಡಗೆ ಮರ ಉಳಿದಿದ್ರೂ ಇದೇ ಗತಿ, ಮೂಲೆ ಚೂಪಾಗಿ ಕಡೀಬೇಕು.

ವ್ಯಾಸ ಎಷ್ಟು ಅಂತ ಕೇಳ್ತೀಯಾ ನೋಡು. ಜಾಗಳನ್ನ ಮುಚ್ಚು, ಪಕ್ಕ ಪಕ್ಕದ ಜಾ ಮಧ್ಯೆ 2-3 ಮಿಮೀ ಸಂದು ಉಳಿಯೋ ಹಾಗೆ ತೆರೆ, ಆ ಹೊತ್ತಿಗೆ ಒಳಗಿನ ವ್ಯಾಸ ಎಷ್ಟು ಬರುತ್ತೋ ಅದೇ ಆ ಜಾಗಳಿಗೆ ಇಷ್ಟವಾದ ಅಳತೆ. ಯಾಕೆ ಅಂದ್ರೆ ಜಾ ಮೊದ್ಲು ಒಂದು ಪೂರ್ತಿ ಬಳೆ, ಅದನ್ನ ನಾಲ್ಕು ಸೀಳು ಮಾಡಿರ್ತಾರೆ, ಗುಂಡಗೆ ಹಿಡಿಯೋದು ಆ ಒಂದು ಅಳತೇಲಿ ಮಾತ್ರ. ಅದಕ್ಕಿಂತ ದಪ್ಪ ಟೆನನ್ ಹಾಕಿದ್ರೆ ಪ್ರತಿ ಜಾನ ಎರಡು ಮೂಲೆ ಮಾತ್ರ ಕಚ್ಚುತ್ತೆ, ಒಟ್ಟು ಎಂಟು ಗಾಯ, ಹಿಡಿತ ಕಮ್ಮಿ. ಬಟ್ಟಲಿನ ಲೆಕ್ಕ ಬೇಕಿದ್ರೆ, ವ್ಯಾಸದ ಮೂರನೇ ಒಂದು ಭಾಗದಿಂದ ಐದರಲ್ಲಿ ಎರಡು ಭಾಗದವರೆಗೆ ಟೆನನ್ ಇರ್ಲಿ. 50 ಮಿಮೀ ಜಾ 5-6 ಇಂಚಿನ ಬಟ್ಟಲಿಗೆ ಹಾಯಾಗಿದೆ, ನಿನ್ನ ಲೇತ್‌ನಲ್ಲಿ 8 ಇಂಚು ಮಾಡೋಕೆ ಹೊರಟಾಗ ದೊಡ್ಡ ಜೊತೆ ಒಂದು ಬೇಕಾಗುತ್ತೆ.

ಅದಕ್ಕೇ ಆ ಐದಾರು ಜೊತೆ ಪೆಟ್ಟಿಗೆ ಬೇಡ ಅನ್ನೋದು. ಚಕ್ ಜೊತೆ ಬರೋ 50ರ ಜಾನಲ್ಲೇ ಹತ್ತು ಬಟ್ಟಲು ಮಾಡು, ಏನು ಸಾಲ್ತಿಲ್ಲ ಅಂತ ನಿನಗೇ ಗೊತ್ತಾಗುತ್ತೆ. ಜಾ ಒಳಗಿನ ಆಕಾರ ನೋಡಿ ಟೆನನ್ ಕಡಿ, ವಿಕ್‌ಮಾರ್ಕ್ ಥರದ್ರಲ್ಲಿ ಡವ್‌ಟೇಲ್ ಇರುತ್ತೆ, ಟೆನನ್ ಬುಡ ಸಣ್ಣಗೆ ತುದಿ ಅಗಲ ಅದೇ ಓರೇಲಿ ಬರ್ಬೇಕು, ಒನ್‌ವೇ ಥರ ಹಲ್ಲಿರೋದ್ರಲ್ಲಿ ನೇರ ಟೆನನ್ನೇ ಸರಿ.

ತಳದಲ್ಲಿ ಗುಳಿ ತೋಡಿ ಜಾ ಒಳಗಿಂದ ಹಿಗ್ಗಿಸಿ ಹಿಡಿಯೋದೂ ಉಂಟು, 4-5 ಮಿಮೀ ಆಳ ಸಾಕು, ಆದ್ರೆ ಗುಳಿ ಸುತ್ತ ದಂಡಿ ದಪ್ಪ ಇರ್ಬೇಕು, ಇಲ್ದಿದ್ರೆ ಕೀಲಿ ಬಿಗಿ ಮಾಡ್ತಾ ಮಾಡ್ತಾನೇ ಸೀಳುತ್ತೆ. ಹೊಸಬರಿಗೆ ನಾನು ಟೆನನ್ನೇ ಹೇಳೋದು.

ಹೊಸಗೈ

ಅಕ್ಕಾ, ನಿಮ್ಮದು ಓದಿ ಎದ್ದು ಹೋಗಿ ಫೇಸ್ ಶೀಲ್ಡ್ ಎಲ್ಲಿದೆ ಅಂತ ನೋಡ್ಕೊಂಡು ಬಂದೆ. ಎಣಿಸಿದ್ದೂ ಆಯ್ತು, ಇಂಚಿಗೆ 8 ಸುತ್ತು. ಫೇಸ್‌ಪ್ಲೇಟ್‌ನಲ್ಲಿ ಒಂದು 5 ಇಂಚಿಂದು ಮಾಡ್ದೆ, ತಳ ತೂತಾಯ್ತು, ಒಳಗೆ ಎಷ್ಟು ಆಳ ಹೋಗಿದೀನಿ ಅಂತ ಅಳೀಲೇ ಇಲ್ಲ 🙈

80 ಮಿಮೀ, ಇನ್ಸರ್ಟ್ ಇರೋದು, ಕೀಲಿದು, 50ರ ಜಾ ಒಂದೇ ಜೊತೆ ಅಂತ ಆರ್ಡರ್ ಹಾಕ್ದೆ. ಜೊತೇಲಿ ದಪ್ಪ ಸ್ಕ್ರೂ ಥರದ್ದೊಂದು ಬರುತ್ತಂತೆ, ಅದೇನಕ್ಕೆ?

ಗಂಟುಮರ

ವುಡ್‌ವರ್ಮ್ ಸ್ಕ್ರೂ. ಜಾ ಮಧ್ಯೆ ಹಿಡಿಸಿ, ಮರಕ್ಕೆ ತೂತು ಹೊಡೆದು, ಅದಕ್ಕೆ ತಿರುಗಿಸಿ ಕೂರಿಸೋದು. ಸಾಮಾನ್ಯವಾಗಿ 8 ಮಿಮೀ ತೂತು ಬೇಕು. ಬಟ್ಟಲಿನ ಬಾಯಿ ಕಡೆ ತೂತು ಹೊಡೆದು ಹೊರಗಡೆ ತಿರುವಿ ಟೆನನ್ ಕಡೀರಿ, ಆಮೇಲೆ ಮಗುಚಿ ಹಾಕಿ. ಫೇಸ್‌ಪ್ಲೇಟ್ ಪ್ರೇಮಿಗಳ ನಾಲ್ಕು ಸ್ಕ್ರೂ ಕೆಲಸ ಒಂದರಲ್ಲೇ ಆಗುತ್ತೆ. ಮರ ಜಾ ಮುಖಕ್ಕೆ ಒತ್ತಿ ಕೂತಿರ್ಬೇಕು, ಎಳೆ ಅಡ್ಡ ಇರೋ ಮರಕ್ಕೆ ಸರಿ, ಎಳೆ ಉದ್ದುದ್ದ ಸ್ಕ್ರೂ ಕಡೆಗೇ ಇದ್ರೆ ಕಿತ್ಕೊಂಡು ಬರುತ್ತೆ. ಟೈಲ್‌ಸ್ಟಾಕ್ ಎಲ್ಲಿವರೆಗೆ ಕೊಡೋಕೆ ಆಗುತ್ತೋ ಅಲ್ಲಿವರೆಗೂ ಕೊಟ್ಟಿರಿ.

ಸ್ಪೀಡು ಕೇಳಿಲ್ಲ ನೀವು, ಕೇಳ್ಬೇಕಿತ್ತು. ಇಂಚಲ್ಲಿ ವ್ಯಾಸ, ಅದನ್ನ ಆರ್‌ಪಿಎಮ್‌ನಿಂದ ಗುಣಿಸಿದ್ರೆ 6000ಕ್ಕೂ 9000ಕ್ಕೂ ಮಧ್ಯೆ ಬರ್ಲಿ. 6 ಇಂಚಿಗೆ 1000ದಿಂದ 1500. ಇನ್ನೂ ಗುಂಡಗಾಗದ ಮರ ಆದ್ರೆ ಅದಕ್ಕಿಂತಲೂ ಕೆಳಗಿಂದ ಶುರು ಮಾಡಿ, ಸ್ವಿಚ್ ಹಾಕುವಾಗ ಮರದ ನೇರಕ್ಕೆ ನಿಲ್ಬೇಡಿ. ಕೀಲಿ ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕೋ ಅಭ್ಯಾಸ ಒಂದ್ಸಲವೂ ಆಗ್ಬಾರ್ದು.

ಒಂದ್ ಮಿಲಿಮೀಟರ್

ಚಕ್‌ಗೂ ಸ್ಪಿಂಡಲ್‌ಗೂ ಮಧ್ಯೆ ತೆಳು ಪ್ಲಾಸ್ಟಿಕ್ ವಾಷರ್ ಹಾಕಿ, ಕಚ್ಕೊಂಡು ಬಿಚ್ಚೋಕೆ ಬರಲ್ಲ ಅನ್ನೋ ಗೋಳು ಇರಲ್ಲ. ಲೇತ್ ಉಲ್ಟಾ ತಿರುಗಿಸಿ ಸ್ಯಾಂಡ್ ಪೇಪರ್ ಹಾಕೋ ಆಸೆ ಇದ್ರೆ ಚಕ್‌ನಲ್ಲಿ ಪುಟ್ಟ ಲಾಕ್ ಸ್ಕ್ರೂ ಇದೆಯಾ ನೋಡಿ, ಇಲ್ದೆ ಉಲ್ಟಾ ಓಡಿಸಿದ್ರೆ ಚಕ್ಕೇ ಬಿಚ್ಕೊಂಡು ಬರುತ್ತೆ. ಒಳಗಿನ ಸ್ಕ್ರಾಲ್‌ಗೆ ಎಣ್ಣೆ ಸುರೀಬೇಡಿ, ಹೊಟ್ಟು ಅಂಟಿ ಅರಗಿನ ಥರ ಆಗುತ್ತೆ, ಹಳೇ ಹಲ್ಲುಜ್ಜೋ ಬ್ರಷ್ ಸಾಕು.

ಹೊಸಗೈ

ಮೂರು ವಾರ ಆದ್ಮೇಲೆ ಬರ್ತಿದೀನಿ, ಬೈಬೇಡಿ. ಚಕ್ ಬಂತು. ಬಂದ ದಿನವೇ ಕ್ಲೀನ್ ಮಾಡೋಣ ಅಂತ ಜಾ ಎಲ್ಲಾ ಬಿಚ್ಚಿ ಮತ್ತೆ ಹಾಕಿದೆ ನೋಡಿ, ಮುಚ್ಚಿದ್ರೆ ಎರಡು ಜಾ ಮುಂದೆ, ಎರಡು ಹಿಂದೆ, ಮಧ್ಯದಲ್ಲಿ ಸೇರೋದೇ ಇಲ್ಲ. ಡಿಫೆಕ್ಟ್ ಪೀಸ್ ಕೊಟ್ಟಿದಾರೆ ಅಂತ ಉದ್ದಕ್ಕೆ ಒಂದು ದೂರು ಟೈಪ್ ಮಾಡಿ, ಕಳ್ಸೋ ಮುಂಚೆ ಫೋಟೋ ಹಾಕೋಣ ಅಂತ ಹತ್ರದಿಂದ ತೆಗೆದ್ರೆ ಜಾ ಮೇಲೆ 1, 3, 2, 4 ಅಂತ ಕಾಣಿಸ್ತು. ಸರಿ ಅಂತ ಎಲ್ಲಾ ಬಿಚ್ಚಿ, ಸ್ಕ್ರಾಲ್‌ನ ತುದಿ 1ನೇ ಜಾ ಕೂರೋ ಸಂದಿಗೆ ಬಂದಾಗ 1, ಆಮೇಲೆ 2, 3, 4 ಅಂತ ಒಂದೊಂದೇ ಕೂರಿಸ್ದೆ. ನಾಲ್ಕೂ ಮುತ್ತಿನಂತೆ ಸೇರಿದ್ವು. ದೂರು ಅಳಿಸಿದೆ.

5 ಇಂಚಿನ ಬಟ್ಟಲು ಎರಡು ಆಗಿದೆ, ಎರಡಕ್ಕೂ ತಳ ಇದೆ! ಅಕ್ಕ ಹೇಳಿದ ಹಾಗೆ 7 ಮಿಮೀ ಟೆನನ್, ಭುಜ ಕೂತಿದೆಯಾ ಅಂತ ಕಾಗದದ ಚೂರು ತೂರಿಸಿ ನೋಡ್ದೆ, ತೂರಲಿಲ್ಲ. ಈಗ ಬಟ್ಟಲು ಮುಗಿದ್ಮೇಲೆ ಆ ಟೆನನ್ ತೆಗೆಯೋದು ಹೇಗೆ? ಕೋಲ್ ಜಾ ಅಂತ ಒಂದಿದೆಯಂತಲ್ಲ, ರಬ್ಬರ್ ಗೂಟ ಇರೋದು.

ಚಕ್ಕೆರಾಶಿ

ಭೇಷ್! ಕೋಲ್ ಜಾ ಈಗ್ಲೇ ಬೇಡ, ಅದರ ಹಿಡಿತ ಹಗುರ, 500-600 ಆರ್‌ಪಿಎಮ್ ದಾಟಬಾರ್ದು, ನಿನ್ನ 10 ಇಂಚಿನ ಲೇತ್‌ನ ಕೆಳಗಿನ ಹಳಿಗೆ ತಾಗದ ಸೈಜು ಬೇರೆ ಹುಡುಕ್ಬೇಕು. ಒಂದು ಬೇಡವಾದ ತುಂಡನ್ನ ಚಕ್‌ಗೆ ಹಾಕಿ ಬಟ್ಟಲಿನ ಒಳಗೆ ಕೂರೋ ಹಾಗೆ ಗುಂಡಗೆ ತಿರುವು, ಮೇಲೆ ಒಂದು ಹಳೇ ಬಟ್ಟೆ ಚೂರು, ಅದರ ಮೇಲೆ ಬಟ್ಟಲು ಕವುಚಿ, ಟೈಲ್‌ಸ್ಟಾಕ್ ತುದಿಯನ್ನ ಟೆನನ್ ಮಧ್ಯಕ್ಕೆ ಒತ್ತಿ ಇಡು. ಸುತ್ತ ಕಡೀತಾ ಬಾ, ಕೊನೇಲಿ ಬೆರಳು ದಪ್ಪದ ಮೊಟಕು ಉಳಿಯುತ್ತೆ, ಲೇತ್ ನಿಲ್ಲಿಸಿ ಅದನ್ನ ಕೈ ಉಳೀಲಿ ತೆಗೆದು ಉಜ್ಜಿಬಿಡು.

ಫೇಸ್‌ಪ್ಲೇಟ್ ಪ್ರೇಮಿ

ಎರಡು ಬಟ್ಟಲದ ಫೋಟೋ ಎಲ್ಲಿ ಅದಾವ್ರಿ? ಆ ತೂತಾಗಿದ್ದೂ ಹಾಕ್ರಿ ಮತ್ತ.